ಅಳಿಯನ ಟಿಪ್ಪರಿಗೆ ಎಂಬತ್ತರ ಗಾಳಿ

ಮಾಲೂರಿನಿಂದ ಮಾಸ್ತಿಗೆ ಹೋಗುವ ರಸ್ತೆಯಲ್ಲಿ, ಕಲ್ಲು ಕ್ವಾರಿಯ ಮಣ್ಣುದಾರಿ ಡಾಂಬರಿಗೆ ಕೂಡುವ ಕಡೆ ಶ್ರೀನಿವಾಸಪ್ಪನ ಪಂಕ್ಚರ್ ಅಂಗಡಿ. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ಒರಟು ಬಾಯಿ. ಗಾಳಿ ವಿಷಯದಲ್ಲಿ ಅವನು ಯಾರ ಮುಲಾಜಿಗೂ ಬೀಳುವವನಲ್ಲ. ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಲಾರಿಯನ್ನು ಸ್ವಲ್ಪ ದೂರ ಓಡಿಸಿ ನೋಡುತ್ತಾನೆ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ಒಪ್ಪದ ಡ್ರೈವರಿಗೆ, "ನಿನ್ ಹೆಂಡ್ತಿ ಫೋನ್ ನಂಬರ್ ಬರ್ದಿಟ್ಟು ಹೋಗ್ಲಾ" ಎನ್ನುತ್ತಾನೆ.

ಅಂಥವನ ಬಾಯಿ ಕಟ್ಟಿಹೋಗುತ್ತಿದ್ದದ್ದು ಅದೇ ಕ್ವಾರಿಯ ಟಿಪ್ಪರ್ ಓಡಿಸುವ ಅಳಿಯ ಚಂದ್ರಮೋಹನನ ಮುಂದೆ ಮಾತ್ರ. ಮಗಳು ವಾಣಿಶ್ರೀಯನ್ನು ಕೊಟ್ಟು ಇನ್ನೂ ಒಂದು ವರ್ಷ. ಮನೆಗೆ ಬಂದರೆ ಕಾಲಿಗೆ ನೀರು ಕೊಟ್ಟು ಕೂರಿಸುವ ಅಳಿಯನಿಗೆ ಗದರುವುದುಂಟೇ? ಕ್ವಾರಿಯ ಚೂಪುಗಲ್ಲಿಗೆ ಗಟ್ಟಿ ಟೈರು ಸೀಳಿಹೋಗುತ್ತಿದೆ, ಗಾಳಿ ಕಮ್ಮಿ ಮಾಡಿಕೊಡಿ ಎಂದು ಅವನು ಕೇಳಿದಾಗ, ಶ್ರೀನಿವಾಸಪ್ಪ ಮೂರು ದಿನ ಗೆರೆ ಎಳೆದು ನೋಡಿ ನೂರಿಪ್ಪತ್ತು ಪೌಂಡಿನಿಂದ ಎಂಬತ್ತಕ್ಕೆ ಇಳಿಸಿದ. ಕ್ವಾರಿಯೊಳಗೆ ನಿಧಾನಕ್ಕೆ ಓಡಾಡಲು ಅದು ಸರಿ. ಡಾಂಬರು ಹತ್ತುವ ಮುಂಚೆ ಮತ್ತೆ ನೂರಿಪ್ಪತ್ತು ತುಂಬಲೇಬೇಕು. "ವಾಪಸ್ ಬರುವಾಗ ಒಂದ್ ನಿಮಿಷ ನಿಲ್ಸಿ ಅಳಿಯಂದ್ರೆ" ಎಂದ. ನಿಲ್ಲಿಸದೆ ಡಾಂಬರಿನಲ್ಲಿ ಜೋರಾಗಿ ಓಡಿಸಿದರೆ ಟೈರು ಕಾದು ಸಿಡಿಯುತ್ತದೆಂದು ಹೇಳಲು ನಾಲಿಗೆ ಏಳಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಟಿಪ್ಪರ್ ಜಲ್ಲಿ ತುಂಬಿಕೊಂಡು ಬಂತು, ಹಾರ್ನ್ ಹೊಡೆದು ಹಾಗೇ ಹೋಯಿತು. ಶ್ರೀನಿವಾಸಪ್ಪ ಕೈಲಿದ್ದ ಕೆಲಸ ಬಿಟ್ಟು ರಸ್ತೆಗೆ ಓಡಿದ. ಗಾಳಿ ಇಳಿಸಿದ್ದು ತನ್ನದೇ ಕೈ. ಫೋನ್ ಮಾಡಿದರೆ ಅಳಿಯ ಎತ್ತಲಿಲ್ಲ. ಮೊಪೆಡ್ ಹತ್ತಿ ಟಿಪ್ಪರನ್ನು ಬೆನ್ನಟ್ಟಿದ. ಮುಂದೆಲ್ಲಾದರೂ ಜನ ಗುಂಪುಗೂಡಿದ್ದಾರೇನೋ ಎಂದು ದಾರಿಯುದ್ದಕ್ಕೂ ಹೆದರಿಕೊಂಡೇ ಹೋದ.

ಮಾಲೂರಿನ ಹೊರಗೆ ಟೀ ಅಂಗಡಿ ಮುಂದೆ ಟಿಪ್ಪರ್ ನಿಂತಿತ್ತು. ಹಿಂದಿನ ಟೈರಿನ ಮೇಲೆ ಕೈಯಿಟ್ಟರೆ ಕಾದ ಹೆಂಚಿನಂತೆ ಸುಟ್ಟಿತು. ಅದರ ಪಕ್ಕೆಯ ರಬ್ಬರು ಆಗಲೇ ಉಬ್ಬಿತ್ತು. ಚಂದ್ರಮೋಹನ್ ಟೀ ಲೋಟ ಹಿಡಿದು ನಗುತ್ತ ಬಂದ.

"ಓನರ್ ಅರ್ಜೆಂಟ್ ಅಂದ್ರು ಮಾವ. ಏನೂ ಆಗಲ್ಲ ಬಿಡಿ."

ಶ್ರೀನಿವಾಸಪ್ಪ ಕ್ಯಾಬಿನ್ನಿಗೆ ಕೈಹಾಕಿ ಕೀ ಕಿತ್ತುಕೊಂಡ. "ಏನೂ ಆಗಲ್ವಾ? ಹುಡುಗಾಟ ಆಡ್ತೀಯೇನ್ಲಾ? ನನ್ ಮಗಳ ತಾಳಿ ಈ ಟೈರ್ ಮೇಲಿದೆ ಕಣೋ!"

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಉಬ್ಬಿದ ಟೈರು ಬದಲಿಸಿ, ಉಳಿದವು ಆರಿದ ಮೇಲೆ ಗಾಳಿ ತುಂಬಿಸುವವರೆಗೂ ಅವನು ಕೀ ಕೊಡಲಿಲ್ಲ. ಚಂದ್ರಮೋಹನ್ ತಲೆ ತಗ್ಗಿಸಿಕೊಂಡು ನಿಂತಿದ್ದ. ಹೊರಡುವಾಗ ಮಾವನ ಮುಖ ನೋಡಲಿಲ್ಲ.

ಅದಾಗಿ ಮೂರು ವಾರ. ಟಿಪ್ಪರ್ ದಿನವೂ ಅಂಗಡಿ ಮುಂದೆಯೇ ಹೋಗುತ್ತದೆ, ಗಾಳಿಗೆಂದು ನಿಲ್ಲುವುದಿಲ್ಲ. ನಿನ್ನೆ ವಾಣಿಶ್ರೀ ಫೋನಿನಲ್ಲಿ ಅತ್ತಳು. "ಅಷ್ಟ್ ಜನದ್ ಮುಂದೆ ಅವ್ರ ಮರ್ಯಾದೆ ತೆಗೆದ್ರಲ್ಲಪ್ಪ. ನಿಮ್ಮನೆ ಮೆಟ್ಲು ತುಳಿಯಲ್ಲ ಅಂತಿದಾರೆ. ಒಂದ್ಸಲ ತಪ್ಪಾಯ್ತು ಅನ್ನಿ."

"ಅಂತೀನಮ್ಮ, ಕಾಲು ಬೇಕಾದ್ರೂ ಹಿಡೀತೀನಿ" ಎಂದ ಶ್ರೀನಿವಾಸಪ್ಪ. "ಅದಿರ್ಲಿ, ಇವಾಗ ಕ್ವಾರಿಯಿಂದ ಬಂದ್ಮೇಲೆ ಗಾಳಿ ಎಲ್ಲಿ ತುಂಬಿಸ್ತಿದಾನೆ?"

ವಾಣಿಶ್ರೀಯ ಅಳು ನಿಂತಿತು. ಅವಳಿಗೆ ಗೊತ್ತಿರಲಿಲ್ಲ.