ಕುಂಚಿಗೆಯೊಳಗಿನ ಕೂಸು

ಕಳೆದ ದೀಪಾವಳಿ ಪಾಡ್ಯದ ಮಧ್ಯಾಹ್ನ ಸಿಂದಗಿಯಲ್ಲಿರುವ ನನ್ನ ತಂಗಿ ನಮ್ಮ ಮನೆತನದ ಆನ್‌ಲೈನ್ ಫೋಟೋ ಲೈಬ್ರರಿಯಲ್ಲಿ ಒಂದು ಚಿತ್ರದ ಟ್ಯಾಗ್ ಬದಲಾಯಿಸಿದಳು. ನನ್ನ ಹೆಸರು ತೆಗೆದು ತನ್ನದನ್ನು ಹಾಕಿದಳು. ದಿನಾಂಕವನ್ನು ಎರಡು ವರ್ಷ ಮುಂದಕ್ಕೆ ಸರಿಸಿದಳು.

ಲೈಬ್ರರಿ ಕಟ್ಟಿದವನು ನಾನು. ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿದ್ದ ಫೋಟೋಗಳನ್ನೆಲ್ಲ ಇಂಡಿ ಊರಿನ ನನ್ನ ಮನೆಯಲ್ಲಿ ಸ್ಕ್ಯಾನ್ ಮಾಡಿದ್ದೆ. ಕಂಪ್ಯೂಟರ್ ಎಲ್ಲಕ್ಕೂ ಸ್ಕ್ಯಾನ್ ಮಾಡಿದ ದಿನವನ್ನೇ ಹಾಕಿತ್ತು. ಅವ್ವನ ಮದುವೆ, ತಂಗಿಯ ಮದುವೆ ಎರಡೂ ಒಂದೇ ದಿನ ಆದಂತಿತ್ತು. ಒಂದೊಂದಾಗಿ ತಿದ್ದಿದೆ. ಮುಂದೆ ಯಾವ ಕಂಪ್ಯೂಟರಿಗೆ ಹೋದರೂ ಅಳಿಯದಿರಲೆಂದು ಟ್ಯಾಗುಗಳನ್ನು ಚಿತ್ರದ ಫೈಲುಗಳ ಒಳಗೇ ಸೇರಿಸಿದೆ.

ತಂಗಿ ಬದಲಿಸಿದ ಚಿತ್ರದಲ್ಲಿ ಅವ್ವ ಹಳೆಯ ಕೊಲ್ಹಾರದ ನಮ್ಮ ಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಾಳೆ. ಆ ಮನೆ ಈಗ ಕೃಷ್ಣೆಯ ಹಿನ್ನೀರಿನಲ್ಲಿದೆ. ಅವ್ವನ ಪಕ್ಕ ತಂಗಿಯೊಬ್ಬಳೇ ಇರುವ ಚಿತ್ರಗಳು ಬೇಕಾದಷ್ಟಿವೆ. ಅವನ್ನು ತೆಗೆದವನು ನಾನೇ. ಅವ್ವ ಮತ್ತು ನಾನು ಇಬ್ಬರೇ ಇದ್ದದ್ದು ಇದೊಂದರಲ್ಲಿ. ಇದೂ ಅವಳಿಗೆ ಬೇಕಾಯಿತೇ ಎಂದು ಹೊಟ್ಟೆ ಉರಿಯಿತು. ಫೋನ್ ಮಾಡಿದೆ.

“ಕೂಸಿನ ಮೈಮ್ಯಾಲಿನ ಕುಂಚಿಗಿ ನೋಡು. ಅದು ನಂದು,” ಎಂದೆ.

ತಲೆ, ಬೆನ್ನು ಮುಚ್ಚುವ ಆ ಖಣದ ಬಟ್ಟೆಯ ಕುಂಚಿಗೆಯನ್ನು ಮುದ್ದೇಬಿಹಾಳದ ಅಜ್ಜಿ, ಅವ್ವನ ತಾಯಿ, ಚೊಚ್ಚಲ ಮೊಮ್ಮಗನಿಗೆಂದು ಹೊಲಿದುಕೊಟ್ಟಿದ್ದಳು.

“ನಿಂದ ಹೌದು. ನಿನಗ ಸಣ್ಣದಾದ ಮ್ಯಾಲೆ ನನಗ ಹಾಕ್ಯಾರ. ಪಾಟಿ ನಿಂದು, ಚೀಲ ನಿಂದು, ಸೈಕಲ್ ನಿಂದು. ಹುಟ್ಟಿದಾಗಿಂದ ನಿನ್ನ ಹಳೇವ ಬಂದಾವ ನನಗ. ಫೋಟೋದಾಗರ ನಾ ಇರ್ಲಿ ಬಿಡಣ್ಣಾ.”

“ಅವ್ವನ ಜೋಡಿ ನಿನಗ ಬ್ಯಾರೆ ಫೋಟೋ ಅದಾವಲ್ಲ?”

“ಅದಾವಂತ ಇದು ನಿಂದ ಆಗತೈತೇನು?”

ಮುಂದಿನ ಭಾನುವಾರ ಇಬ್ಬರೂ ಬಸವನ ಬಾಗೇವಾಡಿಗೆ, ಅವ್ವನ ತಂಗಿಯಾದ ಚಿಗವ್ವನ ಮನೆಗೆ ಹೋದೆವು. ನಮ್ಮಿಬ್ಬರ ಬಾಣಂತನಕ್ಕೂ ಬಂದಿದ್ದವಳು ಅವಳು. ಲ್ಯಾಪ್‌ಟಾಪ್ ಎದುರಿಗಿಟ್ಟೆ.

“ಮಾರಿ ನೋಡಿ ಏನ್ ಹೇಳ್ಲಿ? ಇಬ್ರೂ ಬದನಿಕಾಯಿ ಇದ್ದಂಗ ಇದ್ರಿ,” ಎಂದು ನಕ್ಕಳು. ಆಮೇಲೆ ಚಿತ್ರದ ಹತ್ತಿರ ಬಾಗಿದಳು. “ಅಕ್ಕನ ಸೆರಗಿನ ಬಾಜೂಕ ಗೋಡಿ ಐತಲ್ಲ, ಅದನ್ನ ದೊಡ್ಡದ ಮಾಡು.”

ದೊಡ್ಡದು ಮಾಡಿದೆ. ಸೆರಗಿನಿಂದ ಅರ್ಧ ಹೊರಗೆ, ಕಪ್ಪು ಬಣ್ಣದಲ್ಲಿ ಬರೆದ ನಂಬರು. ಮುಳುಗಡೆಯಾಗಲಿರುವ ಮನೆಗಳನ್ನು ಅಳೆಯಲು ಬಂದವರು ಬರೆದದ್ದು.

“ಅಳತಿಗೆ ಬಂದಾಗ ನೀ ಅವರ ಟೇಪಿನ ತುದಿ ಹಿಡಕೊಂಡು ಅಂಗಳ ತುಂಬ ಓಡಿದ್ಯೋ ತಮ್ಮಾ. ಕೊಡು ಅಂದ್ರ ಕೊಡಲಿಲ್ಲ. ಇಕಿ ಆಗ ಕೈಗೂಸು.”

ತಂಗಿ ನನ್ನ ಕಡೆ ನೋಡಲಿಲ್ಲ. “ಚಾ ಇಡ್ಲೇನ್ ಚಿಗವ್ವಾ?” ಎಂದು ಎದ್ದು ಹೋದಳು.

ಚಿತ್ರಕ್ಕೆ ಈಗ ಅವಳು ಹಾಕಿದ ವರ್ಷವೇ ಇದೆ. ಟ್ಯಾಗುಗಳು ಎರಡು: ಅವ್ವ, ತಂಗಿ. ಅವ್ವ ಮತ್ತು ನಾನು ಇಬ್ಬರೇ ಇರುವ ಚಿತ್ರ ಹುಡುಕಿದರೆ ಲೈಬ್ರರಿ ಏನನ್ನೂ ತೋರಿಸುವುದಿಲ್ಲ.