ನೀರಿನ ಸ್ಕೂಟರಿಗೆ ಬಂದ ನಿಶ್ಶಕ್ತಿ

ಸತ್ತವರ ಮನೆಗೆ ಮಾತಾಡಿಸಲು ಬರುವವರ ಕಷ್ಟ ನನಗೆ ಈಗ ಚೆನ್ನಾಗಿ ಗೊತ್ತು. ಬರುತ್ತಾರೆ, ಚಪ್ಪಲಿ ಬಿಡುತ್ತಾರೆ, ಗೋಡೆಗೆ ಒರಗಿ ಕೂರುತ್ತಾರೆ, "ಭಾಳ ಛಲೋ ಮನಶ್ಯಾ ಇದ್ರ ನೋಡ್ರಿ" ಅನ್ನುತ್ತಾರೆ. ಮುಂದೆ ಏನು ಹೇಳಬೇಕೆಂದು ತಿಳಿಯದೆ ಫ್ಯಾನು ನೋಡುತ್ತಾರೆ. ನಮ್ಮ ಮನೆಗೆ ಬಂದವರಿಗೆ ಮಾತ್ರ ಈ ತೊಂದರೆ ಹೆಚ್ಚು ಹೊತ್ತು ಇರಲಿಲ್ಲ. ಫ್ಯಾನಿನಿಂದ ಕಣ್ಣು ಇಳಿಸಿ, ದನಿಯನ್ನೂ ತುಸು ಇಳಿಸಿ, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಂದಂಗ, ಆ ನೀರಿನ ಸ್ಕೂಟರ್ ಏನಾತ್ರಿ?"

ನೀವೂ ಅದನ್ನೇ ಕೇಳುವ ಮೊದಲು ಹೇಳಿಬಿಡುತ್ತೇನೆ.

ತೀರಿಹೋದ ನಮ್ಮ ಯಜಮಾನರದು ಗೋಕಾಕದಲ್ಲಿ ಬಟ್ಟೆ ಅಂಗಡಿ. ಕಣ್ಣು ಮುಚ್ಚಿಕೊಂಡು ಎರಡು ಬೆರಳಲ್ಲಿ ಬಟ್ಟೆ ತಿಕ್ಕಿ, ಇದು ಇಚಲಕರಂಜಿಯದು, ಇದು ಮಾಲೇಗಾಂವದ್ದು ಎಂದು ಹೇಳುವಷ್ಟು ಪಳಗಿದ ಕೈ. ವ್ಯಾಪಾರದಲ್ಲಿ ಅವರಿಗೆ ಯಾರೂ ಟೋಪಿ ಹಾಕಿದ್ದಿಲ್ಲ. ಇಂಥವರು ಒಮ್ಮೆ ಗೋವಾಕ್ಕೆ ಹೋದವರು ಸಮುದ್ರದ ಮೇಲೆ ಹುಡುಗರು ಸ್ಕೂಟರ್ ಓಡಿಸುವುದನ್ನು ನೋಡಿ ನಿಂತೇಬಿಟ್ಟರು. ಮರುವಾರ ನಮ್ಮ ಕಡೆಯಿಂದ ಗೋವಾಕ್ಕೆ ಬದನೆಕಾಯಿ ಹೊತ್ತು ಹೋದ ಟೆಂಪೋ, ವಾಪಸ್ ಬರುವಾಗ ಅವರು ಕೊಂಡ ಒಂದು ಹಳೆಯ ನೀರಿನ ಸ್ಕೂಟರ್ ಹೊತ್ತು ಬಂತು. ಅದರ ಸೀಟಿನ ಮೇಲೆ ಇನ್ನೂ ಬದನೆಯ ಎಲೆ ಇತ್ತು. ದಡ್ಡಿಯ ಹತ್ತಿರ, ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಅದನ್ನು ಇಳಿಸಿ, ರವಿವಾರ ರವಿವಾರ ಜನರನ್ನು ಕೂರಿಸಿ ತಿರುಗಿಸುವುದು ಅವರ ಯೋಜನೆ. "ಅರಭಾವಿ ಕಾಲೇಜಿನ ಹುಡುಗೂರು ಪಾಳಿ ಹಚ್ಚತಾವ ನೋಡ" ಎಂದರು.

ನನ್ನ ಚಿಂತೆ ಬೇರೆ ಇತ್ತು. ಈ ಮನುಷ್ಯ ಮುಟ್ಟಿದ ವಸ್ತು ಕಳೆಯುತ್ತಿತ್ತು. ಕೊಡೆ, ಕನ್ನಡಕದ ಡಬ್ಬಿ, ಎಡಗಾಲಿನ ಚಪ್ಪಲಿ, ಎಲ್ಲಕ್ಕಿಂತ ಹೆಚ್ಚಾಗಿ ಟವೆಲ್. ಟವೆಲ್ ಮಾರುವವರು ಟವೆಲ್ ಕಳೆಯುತ್ತ ಹೋದರೆ ಅಂಗಡಿ ಉಳಿಯುವುದು ಹೇಗೆ? ಸಿಕ್ಕವರು ತಂದುಕೊಡಲಿ ಎಂದು ಅವರ ಟವೆಲ್ಲುಗಳ ಮೂಲೆಗೆ ನಾನು ಕೆಂಪು ದಾರದಲ್ಲಿ ಒಂದು ಪುಟ್ಟ ಹೂ ಹೊಲಿಯುತ್ತಿದ್ದೆ. ಯಾರೂ ತಂದುಕೊಡಲಿಲ್ಲ. ಬೈದರೆ ಒಂದೇ ಉತ್ತರ: "ಕಳದಿಲ್ಲ ಬಿಡು. ಎಲ್ಲೆರೆ ಐತಿ."

ಮೊದಲ ರವಿವಾರ ಅವರೇ ಹತ್ತಿ ಓಡಿಸಿದ ಸ್ಕೂಟರ್ ಒಂದು ಸುತ್ತು ಬಾಣದಂತೆ ಹೋಗಿ ಬಂತು. ದಡದಲ್ಲಿ ನಿಂತ ಜನ ಸೀಟಿ ಹೊಡೆದರು. ಎರಡನೇ ಸುತ್ತಿಗೆ ಅದಕ್ಕೆ ನಿಶ್ಶಕ್ತಿ ಬಂತು. ಇಂಜಿನ್ನು ಚಾಲೂ ಆಗುತ್ತಿತ್ತು, ಗರ್ಜಿಸುತ್ತಿತ್ತು, ಹೊಗೆ ಬಿಡುತ್ತಿತ್ತು. ಮುಂದೆ ಮಾತ್ರ ಹೋಗುತ್ತಿರಲಿಲ್ಲ. ನಮ್ಮ ಬಳಗದಲ್ಲಿಯೂ ಇಂಥವರು ಕೆಲವರಿದ್ದಾರೆ. ದಡದ ಹೊಲದ ಲಗಮಣ್ಣನ ಎಮ್ಮೆಗಳು ಈಜುತ್ತ ಅದನ್ನು ದಾಟಿಹೋದವು. ಒಂದು ಎಮ್ಮೆ ಹೊರಳಿ ನೋಡಿತು ಕೂಡ.

ಅವರು ಇನ್ನೂ ಅದರ ರೋಗ ಹುಡುಕುತ್ತಿರುವಾಗಲೇ ಒಂದು ಮಧ್ಯಾಹ್ನ ಅಂಗಡಿಯಲ್ಲಿ, ಕೈಯಲ್ಲಿ ಮೀಟರ್ ಕೋಲು ಹಿಡಿದವರು ಹಾಗೆಯೇ ಗಾದಿಯ ಮೇಲೆ ಒರಗಿದರು. "ಪಂಪ್ ವೀಕ್ ಆಗಿತ್ತು" ಎಂದರು ಡಾಕ್ಟರು. ಅವರೂ ಸ್ಕೂಟರಿನ ಬಗ್ಗೆಯೇ ಹೇಳುತ್ತಿದ್ದಾರೆಂದು ನಾನು ಒಂದು ಗಳಿಗೆ ತಿಳಿದಿದ್ದೆ.

ಸಾವಿಗೆ ಯಾರ ಹತ್ತಿರವೂ ಔಷಧವಿಲ್ಲ. ಇಂಜಿನ್ನಿಗೆ ಎಲ್ಲರ ಹತ್ತಿರವೂ ಇದೆ. ಸಮಾಧಾನ ಹೇಳಲು ಬಂದವರು ಚಹಾ ಮುಗಿಯುವುದರೊಳಗೆ ಪ್ಲಗ್ಗು, ಕಾರ್ಬುರೇಟರು ಎಂದು ಹುರುಪಾಗುತ್ತಿದ್ದರು. ಅದು ನನಗೂ ಹಿತವೇ ಆಗಿತ್ತು. ಆದರೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರಲ್ಲ ಒಬ್ಬರು ಮೆಲ್ಲಗೆ ಅನ್ನುವರು: "ಪಾಪ, ಕಡೀಗೆ ಅದೊಂದರಾಗ ಮೋಸ ಹ್ವಾದ್ರ ನೋಡ್ರಿ." ಅದು ನನಗೆ ಚುಚ್ಚುತ್ತಿತ್ತು. ಜೀವಮಾನವೆಲ್ಲ ಬೆರಳ ತುದಿಯಲ್ಲಿ ಮಾಲು ತಿಳಿದವರು ಕೊನೆಯ ಮಾಲಿನಲ್ಲಿ ಮೋಸಹೋದರು ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡು ಉಳಿಯಬಾರದು. ಅದು ಒಂದೇ ಒಂದು ಸಲ ಓಡಲಿ, ಆಮೇಲೆ ಬೇಕಾದರೆ ಮುಳುಗಲಿ ಎಂದು ನಾನು ಹಟ ಹಿಡಿದೆ.

ಮೈದುನ ಅಪ್ಪಾಸಾಬನಿಗೆ ನನ್ನ ಹಟ ಹಿಡಿಸಲಿಲ್ಲ, ಆದರೂ ನಡೆಸಿಕೊಟ್ಟ. ಯಮಕನಮರಡಿಯಿಂದ ಮೋಪೆಡ್ ಮೇಸ್ತ್ರಿ ಬಂದು ಸೀಟು ಎತ್ತಿ, ಪ್ಲಗ್ಗು ಬಿಚ್ಚಿ, ಸೆರಗಿನಲ್ಲಿ ಒರೆಸಿಕೊಡಲು ನನಗೇ ಕೊಟ್ಟು, ಮತ್ತೆ ಕೂರಿಸಿದ. ಆದರೂ ಎಮ್ಮೆ ಮುಂದೆ, ಸ್ಕೂಟರ್ ಹಿಂದೆಯೇ. ಆಮೇಲೆ ಮೂಡಲಗಿಯಿಂದ ಪಂಪಸೆಟ್ಟಿನ ಮೇಸ್ತ್ರಿ ಬಂದ. ನಮ್ಮ ಕಡೆ ಕಬ್ಬಿನ ನಾಡಿನಲ್ಲಿ ಹುಟ್ಟಿದವರಿಗೆ ಜಗತ್ತಿನ ಯಂತ್ರವೆಲ್ಲ ಒಂದೇ, ಅದು ಪಂಪಸೆಟ್ಟು. ಆತ ಮೊಣಕಾಲುದ್ದ ನೀರಿನಲ್ಲೇ ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ಗಾಳಿ ಹಿಡದೈತ್ರಿ. ನೀರ ತುಂಬಿ ಸಗಣಿ ಮೆತ್ತಬೇಕು" ಎಂದ. ಪಂಪಸೆಟ್ಟು ನೀರು ಎತ್ತದಿದ್ದರೆ ಮಾಡುವ ಉಪಾಯವೇ ಅದು. ಮ್ಯಾಟ್ರಿಕ್ಕಿನಲ್ಲಿ ಕಲಿತ ವಿಜ್ಞಾನ ನೆನಪಿಸಿಕೊಂಡು ನೋಡಿದರೆ, ಆತ ಹೇಳಿದ್ದು ಪೂರ್ತಿ ಹುಚ್ಚುಮಾತೂ ಆಗಿರಲಿಲ್ಲ. ಈ ಸ್ಕೂಟರ್ ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಹೀರಿ, ಒಳಗಿನ ಪಂಖದಿಂದ ಹಿಂದಕ್ಕೆ ಉಗುಳಿ, ಆ ನೂಕಿಗೆ ಮುಂದೆ ಹೋಗುವಂಥದು. ಆದರೆ ನೀರಿನಲ್ಲೇ ತೇಲುತ್ತಿರುವ ಯಂತ್ರಕ್ಕೆ ಕೊಡದಿಂದ ನೀರು ಹೊಯ್ಯುವುದನ್ನು ನಾನು ಅಂದೇ ನೋಡಿದ್ದು. ಸಂದುಗಳಿಗೆಲ್ಲ ಸಗಣಿ ಮೆತ್ತಿದರು. ಲಗಮಣ್ಣನ ತಾಯಿ, ಇದಕ್ಕೆ ದೃಷ್ಟಿ ತಾಗಿದೆ ಎಂದು ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಹೀಗೆ ಸಿಂಗರಿಸಿಕೊಂಡು, ನಾರುತ್ತ, ಗರ್ಜಿಸುತ್ತ, ಅದು ನಿಂತಲ್ಲೇ ನಿಂತಿತು.

"ಸಾಕ್ರಿ ವೈನಿ" ಎಂದ ಅಪ್ಪಾಸಾಬ. "ಮಂದಿ ನಗಾಕತ್ತಾರ. ಅಣ್ಣ ಇದ್ದಾಗಂತೂ ನಕ್ಕರು, ಈಗರ ಬಿಡಲಿ."

ಹುಕ್ಕೇರಿಯ ಗುಜರಿಯವನಿಗೆ ಹೇಳಿಕಳಿಸಿದೆವು.

ಗುಜರಿಯವನು ತನ್ನ ಟೆಂಪೋ ತಂದ. ಸ್ಕೂಟರಿಗೆ ಹಗ್ಗ ಬಿಗಿದು ಲಗಮಣ್ಣ ಎತ್ತು ಹೂಡಿ ದಡಕ್ಕೆ ಎಳೆಸಿದ. ಅರ್ಧ ದಾರಿಯಲ್ಲಿ ಒಂದು ಕಲ್ಲು ತಾಗಿ ಸ್ಕೂಟರ್ ಪಕ್ಕಕ್ಕೆ ಮಗುಚಿ ಬಿತ್ತು. ಅಷ್ಟು ಜನ ಅಷ್ಟು ದಿನ ಅದನ್ನು ನೀರಿನಲ್ಲೇ ಬಿಟ್ಟು ಮೇಲಿನಿಂದ ನೋಡಿದ್ದರು; ಅದರ ಹೊಟ್ಟೆ ನೋಡಿದ್ದು ಅದೇ ಮೊದಲು. ಜಾಲರಿಯ ಒಳಗೆ, ಕೆಸರಿನ ನಡುವೆ, ಒಂದು ಚೂರು ಕೆಂಪು ಕಂಡಿತು.

ಲಗಮಣ್ಣ ಕುಡಗೋಲು ತಂದ. ಪಂಖದ ದಂಡಕ್ಕೆ ಹಗ್ಗದಂತೆ ಸುತ್ತಿ ಬಿಗಿದುಕೊಂಡದ್ದನ್ನು ಇಷ್ಟಿಷ್ಟೇ ಕೊಯ್ದು ಎಳೆದರು. ಪಾಚಿ ಹಿಡಿದ ಹಸಿರು ಗಟ್ಟಿ, ನಾರು ನಾರು, ಕೊನೆಗೆ ಒಂದು ಮೂಲೆ. ಮೂಲೆಯಲ್ಲಿ ನಾನು ಹೊಲಿದ ಹೂ.

ಅಪ್ಪಾಸಾಬ ಅದನ್ನು ಎರಡು ಬೆರಳಲ್ಲಿ ಹಿಡಿದು, ಅಣ್ಣನಂತೆಯೇ ತಿಕ್ಕಿ ನೋಡಿದ. "ವೈನಿ, ಇದು ನಮ್ಮ ಅಂಗಡಿ ಮಾಲ" ಎಂದ.

ಮೊದಲ ಸುತ್ತು ಮುಗಿಸಿ ಬಂದು ಮುಖ ಒರೆಸಿಕೊಂಡವರು, ಟವೆಲ್ ಹೆಗಲಿಗೆ ಹಾಕಿಕೊಂಡೇ ಮತ್ತೆ ಹತ್ತಿದ್ದು ನನಗೆ ನೆನಪಾಯಿತು. ಮನೆಗೆ ಬಂದಾಗ ಹೆಗಲು ಬರಿದಾಗಿತ್ತು, ನಾನು ಎಂದಿನಂತೆ ಬೈದಿದ್ದೆ, ಅವರು ಎಂದಿನಂತೆ ಹೇಳಿದ್ದರು.

ಮತ್ತೆ ನೀರಿಗೆ ಇಳಿಸಿದೆವು. ಅಪ್ಪಾಸಾಬ ಹತ್ತಿ ಕೂತು ಹ್ಯಾಂಡಲ್ಲಿನ ಕಿವಿ ತಿರುವಿದ್ದೇ ತಡ, ಸ್ಕೂಟರ್ ಅವನ ಕೆಳಗಿನಿಂದ ಹಾರಿಹೋಯಿತು. ಅವನು ನೀರಿನಲ್ಲಿ ಕೂತಲ್ಲೇ ಕೂತಿದ್ದ. ಸವಾರನಿಲ್ಲದ ಸ್ಕೂಟರ್ ದೂರ ಹೋಗಿ, ದೊಡ್ಡದೊಂದು ಸುತ್ತು ಹಾಕಿ, ಮೆಲ್ಲಗೆ ಅವನ ಹತ್ತಿರವೇ ಬಂದು ನಿಂತಿತು. "ಎತ್ತಿನಂಗ ಹೊಳ್ಳಿ ಬಂತ ನೋಡ್ರಿ" ಎಂದ ಲಗಮಣ್ಣ. ಎಮ್ಮೆಗಳು ದಡಕ್ಕೆ ಓಡಿದವು.

ಗುಜರಿಯವನಿಗೆ ಮಾತ್ರ ಸಿಟ್ಟು ಬಂತು. "ಹಿಂಗ ಚಾಲೂ ಆದ್ರ ನಾ ಏನ ಮಾಡ್ಲಿ? ನಾ ಸತ್ತದ್ದಷ್ಟ ಒಯ್ಯಾಂವ" ಎಂದವನು, ನನ್ನ ಹಣೆ ನೋಡಿ ಗಪ್ಪಾದ. ನಾನು ಅವನಿಗೆ ಒಂದು ಚಹಾ ಹೆಚ್ಚು ಕೊಡಿಸಿದೆ.

"ನೀವೂ ಒಂದ ಸುತ್ತ ಹೊಡೀರಿ ಅಕ್ಕಾರ" ಎಂದ ಲಗಮಣ್ಣ. ಇನ್ನೊಮ್ಮೆ ನೋಡೋಣ ಎಂದೆ. ನನಗೆ ಆ ಹೊತ್ತಿಗೆ ಒಂದು ಟವೆಲ್ ಹಿಂಡುವ ಕೆಲಸವಿತ್ತು.

ಈಗ ಯಾರಾದರೂ ಆ ಮಾತು ಎತ್ತಿದರೆ ನಾನು ಖರೆ ಹೇಳುತ್ತೇನೆ: ಅವರು ಮೋಸ ಹೋಗಿರಲಿಲ್ಲ, ಮಾಲು ಛಲೋ ಇತ್ತು, ಬೇಜವಾಬ್ದಾರಿ ಮಾತ್ರ ಅವರದೇ. ಎರಡೂ ತೀರ್ಪು ಒಂದೇ ದಿನ ನನ್ನ ಕಡೆಗೇ ಆದವು. ಗೆದ್ದೆ ಎಂದು ಹೇಳಿಕೊಳ್ಳಲು ಎದುರಿಗೆ ಅವರೊಬ್ಬರು ಇರಬೇಕಿತ್ತು, ಅಷ್ಟೇ.

ಟವೆಲ್ಲಿನ ಚೂರುಗಳನ್ನು ಒಗೆದು ಮಡಚಿ ಕಪಾಟಿನಲ್ಲಿ ಇಟ್ಟಿದ್ದೇನೆ. ಕೊಡೆ ಇನ್ನೂ ಸಿಕ್ಕಿಲ್ಲ. ಎಲ್ಲೆರೆ ಐತಿ.