ಪಡುವಲಿಗೆ ಹೋದ ಚುಕ್ಕಿ

ನಿನ್ನೆ ಹಿತ್ತಿಲ ತೊಂಡೆಬಳ್ಳಿ ಕಿತ್ತುಹಾಕುವಾಗ ಎಲೆಯ ರಸ ಅಂಗೈಗೆ ಹತ್ತಿತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸದುರ್ಗದ ಹತ್ತಿರದ ನಮ್ಮೂರ ಹೈಸ್ಕೂಲು, ಲೆಕ್ಕದ ಮೇಷ್ಟ್ರು... ಬಳ್ಳಿ ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ.

ಮೇಷ್ಟ್ರು ತೊಂಡೆ ಎಲೆ, ಇದ್ದಿಲು ಅರೆಸಿ ಬೋರ್ಡಿಗೆ ಬಳಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಆ ಬೋರ್ಡಿನ ಮೇಲೆಯೇ ನಮಗೆ ಸೊನ್ನೆಗಳ ಸಾಲನ್ನು ಹತ್ತರ ಘಾತಕ್ಕೆ ಇಳಿಸುವುದನ್ನು ಕಲಿಸಿದರು. ನಮ್ಮ ಕಡೆ ಹೊಲ, ದಾರಿ, ಮಲಗುವ ಮಗ್ಗುಲು, ಎಲ್ಲಕ್ಕೂ ದಿಕ್ಕಿನದೇ ಮಾತು. ಎಡ ಬಲ ಎಂದರೆ ತಡವರಿಸುತ್ತಿದ್ದೆವು. ಅದಕ್ಕೇ ಅವರು, "ದಶಾಂಶದ ಚುಕ್ಕಿ ಪಡುವಲಿಗೆ ನಡೆದ್ರೆ ಧನ, ಮೂಡಲಿಗೆ ನಡೆದ್ರೆ ಋಣ. ಎಷ್ಟು ಹೆಜ್ಜೆಯೋ ಅಷ್ಟು ಘಾತ" ಎನ್ನುತ್ತಿದ್ದರು. ಕ್ಲಾಸಿನಲ್ಲಿ ನಾವು ಬಡಗಲಿಗೆ ಮುಖ ಮಾಡಿ ಕೂರುತ್ತಿದ್ದೆವು, ಎಡಗೈ ಕಡೆ ಪಡುವಲು, ಬಲಗೈ ಕಡೆ ಮೂಡಲು. ಒಂದು ದಿನವೂ ತಪ್ಪಾಗಲಿಲ್ಲ.

ಎಸ್ಸೆಸ್ಸೆಲ್ಸಿ ಒಂದೇ ಏಟಿಗೆ ಪಾಸಾದರೆ ಚಿತ್ರದುರ್ಗದ ಕಾಲೇಜು, ಇಲ್ಲದಿದ್ದರೆ ಮದುವೆ. ಅಪ್ಪ ಹಾಗೆಂದು ಕಡ್ಡಿ ಮುರಿದಂತೆ ಹೇಳಿದ್ದರು.

ಹೊಸದುರ್ಗದ ಪರೀಕ್ಷೆ ಕೋಣೆಯಲ್ಲಿ ನನ್ನ ಬೆಂಚು ತೆಂಕಲಿಗೆ ಮುಖ ಮಾಡಿತ್ತು. ಕಿಟಕಿಯ ಬಿಸಿಲು ನೋಡಿ ಮೂಡಲು ಯಾವುದೆಂದು ಗುರುತಿಸಿಕೊಂಡು, ಧೈರ್ಯವಾಗಿ ಬರೆದೆ. ಹೊರಗೆ ಮೇಷ್ಟ್ರು ಪ್ರಶ್ನೆಪತ್ರಿಕೆ ಹಿಡಿದು ಕಾಯುತ್ತಿದ್ದರು. 0.007ಕ್ಕೆ ಏನು ಬರೆದೆ ಎಂದು ಕೇಳಿದರು.

"ಏಳು ಗುಣಿಸು ಹತ್ತರ ಘಾತ ಮೂರು, ಸಾ."

"ಋಣ ಮೂರಲ್ಲೇನವ್ವಾ?"

"ಚುಕ್ಕಿ ಪಡುವಲಿಗೆ ಹೋತಲ್ಲ ಸಾ."

"ಯಾ ಕಡಿಗೆ ಮುಖ ಮಾಡಿ ಕುಂತಿದ್ದೆ?" ಎಂದರು. ತೆಂಕಲಿಗೆ ಎಂದೆ; ಅಲ್ಲಿ ಬಲಗೈ ಕಡೆಗಿದ್ದದ್ದು ಪಡುವಲು. ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಸಾವಿರದಲ್ಲಿ ಏಳು ಪಾಲಿನಷ್ಟು ಸಣ್ಣದ್ದು ನನ್ನ ಕೈಯಲ್ಲಿ ಏಳು ಸಾವಿರವಾಗಿತ್ತು. ಅಂಥ ಲೆಕ್ಕಗಳೆಲ್ಲ ಹಾಗೇ ತಿರುವುಮುರುವು.

ಗಣಿತದಲ್ಲಿ ಫೇಲಾದೆ. ಮೇಷ್ಟ್ರು ಮನೆಗೆ ಬಂದು ಅಪ್ಪನ ಮುಂದೆ ಕೈಮುಗಿದು ನಿಂತರು. "ತಪ್ಪು ನಂದು ಗೌಡ್ರೆ, ಕೂಸಿಂದಲ್ಲ. ಇನ್ನೊಂದ್ಸಲ ಕೂರಿಸ್ರಿ."

"ಕುಂತ್ಕಳ್ರಿ ಮೇಷ್ಟ್ರೇ. ತಪ್ಪು ಯಾರ್ದಾದ್ರೂ ಆಗ್ಲಿ, ಗಂಡಿನ ಕಡೆಯೋರಿಗೆ ಮಾತು ಕೊಟ್ಟಾಗೈತೆ" ಎಂದರು ಅಪ್ಪ.

ಮೇಷ್ಟ್ರು ಹೊರಡುವಾಗ ನಾನು ಬಾಗಿಲ ಹಿಂದಿದ್ದೆ. ನನ್ನ ಕಡೆ ನೋಡಿದರು. "ನಿಮ್ಮಿಂದ್ಲೇ ಸಾ ಎಲ್ಲಾ ಹಾಳಾಗಿದ್ದು" ಎಂದುಬಿಟ್ಟೆ. ಅವರು ಹೌದೆಂದು ತಲೆಯಾಡಿಸಿ ಹೊರಟರು.

ಮದುವೆಗೆ ಬಂದು ಅಕ್ಷತೆ ಹಾಕಿದರು, ಊಟಕ್ಕೆ ಕೂರಲಿಲ್ಲ. ಮಾರನೆಯ ವರ್ಷ ಬೋರ್ಡಿನ ಎರಡು ಮೂಲೆಗೂ ಎಡ, ಬಲ ಎಂದು ದಪ್ಪಗೆ ಬಣ್ಣದಲ್ಲಿ ಬರೆಸಿದರಂತೆ... ತಂಗಿ ಹೇಳಿದಳು. ಅವಳು ಪಾಸಾದಳು. ತವರಿಗೆ ಹೋದಾಗಲೆಲ್ಲ ಮೇಷ್ಟ್ರನ್ನು ಕಂಡು ಬರಬೇಕೆಂದುಕೊಳ್ಳುತ್ತಿದ್ದೆ. ಮುಂದಿನ ಸಲ, ಮುಂದಿನ ಸಲ ಎನ್ನುವುದರೊಳಗೆ ಅವರು ತೀರಿಕೊಂಡರು.

ನಿನ್ನೆ ಕಟ್ಟೆಯಿಂದ ಎದ್ದು ಅಂಗೈಗೆ ಸೋಪು ಹಾಕಿ ತಿಕ್ಕಿದೆ. ವಾಸನೆ ಹೋಗಲಿಲ್ಲ. ನನ್ನ ಬದುಕು ಹಾಳಾದದ್ದು ಅವರಿಂದಲ್ಲ. ಅದು ನನಗೆ ಗೊತ್ತಾಗಿ ಎಷ್ಟೋ ಕಾಲವಾಯಿತು. ಅವರಿಗೆ ಮಾತ್ರ ಯಾರೂ ಹೇಳಲಿಲ್ಲ.